ಹೆಸರಿನ ಕಾಕಾನ ಲಕ್ಷಣಗಳು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಜನಜೀವನವನ್ನು ಕುರಿತು ಬರೆದವರು ಗೌಡ, ಕುಲಕರ್ಣಿ, ಮಠದ ಅಯ್ಯ, ಡೊಳ್ಳಿನ ಹಾಡಿನವರು ಮೊದಲಾದವರನ್ನು ತಕ್ಕ ಗೌರವದಿಂದ ಪ್ರಸ್ತಾಪಿಸುತ್ತಾರಾದರೂ, ಊರಿಗೊಬ್ಬರಂತೆ ತಪ್ಪದೆ ದೊರೆಯುವ ಇನ್ನೊಂದು ವರ್ಗವನ್ನು ಯಾರೂ ವಿವರವಾಗಿ ಪರಿಶೀಲಿಸಿದಂತೆ ಕಾಣುವುದಿಲ್ಲ. ಈ ವರ್ಗವನ್ನು ಪ್ರಸ್ತುತ ಬರಹದಲ್ಲಿ 'ಹೆಸರಿನ ಕಾಕಾ' ಎಂದು ಕರೆಯಲಾಗಿದೆ. ಕಾಕಾ ಎಂದರೆ ಈ ಭಾಗದಲ್ಲಿ ತಂದೆಯ ತಮ್ಮ. ಆದರೆ ಹೆಸರಿನ ಕಾಕಾ ಇಡೀ ಓಣಿಗೆ ಕಾಕಾ ಆಗಿರುತ್ತಾರೆ, ಸಾಮಾನ್ಯವಾಗಿ ನಿವೃತ್ತ ಮಾಸ್ತರರಾಗಿರುತ್ತಾರೆ, ಮತ್ತು ಕೂಸು, ಕಿರಾಣಿ ಅಂಗಡಿ, ಹೊಸ ಮನೆ, ಎತ್ತಿನ ಜೋಡಿ, ಸ್ವಸಹಾಯ ಸಂಘ ಇವುಗಳಲ್ಲಿ ಯಾವುದಕ್ಕೆ ಹೆಸರು ಬೇಕಾದರೂ ತಮ್ಮನ್ನು ಕೇಳದೆ ಇಡುವುದು ಅನಾಹುತಕ್ಕೆ ದಾರಿ ಎಂದು ನಂಬಿರುತ್ತಾರೆ.

ಕಾಕಾನ ಈ ಆತ್ಮವಿಶ್ವಾಸಕ್ಕೆ ಪ್ರಾದೇಶಿಕ ಆಧಾರಗಳಿಲ್ಲದಿಲ್ಲ. ವ್ಯಕ್ತಿಗಳ ಮತ್ತು ಊರುಗಳ ಹೆಸರನ್ನು ಅಭ್ಯಸಿಸುವ ಶಾಸ್ತ್ರಕ್ಕೆ ನಾಮವಿಜ್ಞಾನವೆಂದು ಹೆಸರು. ಕನ್ನಡದಲ್ಲಿ ಆ ವಿಷಯದ ಮೇಲೆ ಗ್ರಂಥ ರಚಿಸಿದ ಎಂ.ಎಂ. ಕಲಬುರ್ಗಿಯವರು 1938ರಲ್ಲಿ ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ ಎಂಬ ಸಂಗತಿಯನ್ನು ಸಿಂದಗಿಯ ಕಾಕಾ ತಮ್ಮ ಸ್ವಂತ ಪದವಿಯಂತೆ ಉದ್ಧರಿಸುತ್ತಾರೆ. ಇಂಡಿಯ ಕಾಕಾ ಇದಕ್ಕೆ ಸೊಪ್ಪು ಹಾಕದೆ, ಹಿಂದೆ ತಮ್ಮ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಚನ್ನಮಲ್ಲಪ್ಪನವರು ತಮಗೆ ತಾವೇ 'ಮಧುರಚೆನ್ನ' ಎಂದು ಹೆಸರಿಟ್ಟುಕೊಂಡು ಕನ್ನಡ ಕಾವ್ಯದಲ್ಲಿ ಆ ಹೆಸರಿನಿಂದಲೇ ಉಳಿದುದನ್ನು ನೆನಪಿಸುತ್ತಾರೆ. ಬಾಗೇವಾಡಿಯ ಕಾಕಾ ವಾದಕ್ಕೆ ಇಳಿಯುವುದೇ ಇಲ್ಲ. ಬಸವಣ್ಣನವರು ಹುಟ್ಟಿದ ಊರಿನವರು ಹೆಸರಿನ ಬಗ್ಗೆ ಇನ್ನೊಬ್ಬರೊಡನೆ ಚರ್ಚೆ ಮಾಡಬೇಕಾದ ಅಗತ್ಯವೇನಿದೆ ಎಂಬುದು ಅವರ ಮುಗುಳ್ನಗೆಯ ಅರ್ಥ. ಮುದ್ದೇಬಿಹಾಳದ ಕಾಕಾ ಮಾತ್ರ ಇವರೆಲ್ಲರ ಮಾತು ಮುಗಿಯುವವರೆಗೆ ಕಾದಿದ್ದು, ಕೊನೆಗೆ ತಾವು ಹೇಳಿದ ಹೆಸರನ್ನೇ ನಿಲ್ಲಿಸುತ್ತಾರೆ.

ಈ ನಾಲ್ಕು ತಾಲ್ಲೂಕುಗಳ ಹೆಸರಿನ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ಕಾಕಾ ಅದರಿಂದಲೇ ತಮ್ಮ ಸೂತ್ರಗಳನ್ನು ತೆಗೆದಿದ್ದಾರೆ. ಇಲ್ಲಿಯ ಮನುಷ್ಯನಿಗೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಇರುತ್ತವೆ. ಅಡ್ಡಹೆಸರೆಂದರೆ ಮನೆತನದ ಹೆಸರು, ಮತ್ತು ಅದು ಬಿರಾದಾರ, ಬಡಿಗೇರ, ತಳವಾರ ಎಂದು ವೃತ್ತಿಯನ್ನಾಗಲಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ ಎಂದು ಪದಾರ್ಥವನ್ನಾಗಲಿ ಸೂಚಿಸುವುದುಂಟು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿನ ಮೇಲೆ ಯಮನ ಕಣ್ಣು ಬೀಳದಿರಲೆಂದು ತಿಪ್ಪಣ್ಣ, ಕಲ್ಲಪ್ಪ, ಅಡಿವೆಪ್ಪ ಎಂಬ ಬೆಲೆಯಿಲ್ಲದ ಹೆಸರುಗಳನ್ನು ಇಡುತ್ತಿದ್ದರು. ಊರುಗಳಿಗೂ ಇದೇ ವ್ಯವಸ್ಥೆ: ಒಂದೇ ಜಿಲ್ಲೆಯಲ್ಲಿ ಎರಡು ಹಿಪ್ಪರಗಿಗಳಾದಾಗ ಜನರು ಯಾವುದನ್ನೂ ಬದಲಿಸದೆ, ಒಂದಕ್ಕೆ ದೇವರ ಹಿಪ್ಪರಗಿಯೆಂದೂ ಇನ್ನೊಂದಕ್ಕೆ ಹೂವಿನ ಹಿಪ್ಪರಗಿಯೆಂದೂ ಮುಂದೊಂದು ಮಾತು ಹಚ್ಚಿ ಜಗಳ ಮುಗಿಸಿದರು. ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಬಸವ ಎಂಬ ಹೆಸರನ್ನು ಇಲ್ಲಿ ಮಹಾಪುರುಷನೂ, ಮನೆಯ ಹಿರಿಯ ಮಗನೂ, ಕೊಟ್ಟಿಗೆಯ ಹೋರಿಯೂ ಹಂಚಿಕೊಂಡಿದ್ದಾರೆ, ಮತ್ತು ಅದರಿಂದ ಮೂವರಲ್ಲಿ ಯಾರಿಗೂ ಅವಮಾನವಾದಂತೆ ಯಾರೂ ತಿಳಿದಿಲ್ಲ.

ಕಾಕಾನ ಕಿರಿಯ ಲಕ್ಷಣಗಳನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಅವರ ಅಂಗಿಯ ಕಿಸೆಯಲ್ಲಿ ಹಳೆಯ ಪಂಚಾಂಗದ ಹಾಳೆಯೊಂದು ಇರುತ್ತದೆ, ಆದರೆ ಅದನ್ನು ತೆಗೆದು ನೋಡಿದವರಿಲ್ಲ. ಹೆಸರು ಕೇಳಿದ ಕೂಡಲೇ ಅವರು ಕಣ್ಣು ಮುಚ್ಚುತ್ತಾರೆ, ಚಹಾ ಬಂದ ಕೂಡಲೇ ತೆರೆಯುತ್ತಾರೆ. ತೊಟ್ಟಿಲ ಕಾರ್ಯದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಉಸುರುವ ಹಕ್ಕು ಸೋದರತ್ತೆಯದು, ಹಾಗೆ ಉಸುರುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ವಾಡಿಕೆ; ನ್ಯಾಯವಾಗಿ ಆ ಗುದ್ದುಗಳು ಯಾರಿಗೆ ಸಲ್ಲಬೇಕಾಗಿತ್ತೋ ಅವರು ಆ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ಕುಳಿತು ಗುಗ್ಗರಿ ತಿನ್ನುತ್ತಿರುತ್ತಾರೆ.

ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ ಲಕ್ಷಣ ಒಂದೇ, ಅದನ್ನು 'ಪೂರ್ವನಾಮದೋಷ' ಎಂದು ಕರೆಯಬಹುದು. ಯಾರು ಯಾವ ಹೆಸರು ಸೂಚಿಸಿದರೂ, ಆ ಹೆಸರಿನ ಒಬ್ಬ ಮನುಷ್ಯ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿಯೋ ಹಿಂದೆ ಇದ್ದನೆಂದೂ, ಅವನಿಗೆ ಒಳ್ಳೆಯದಾಗಲಿಲ್ಲವೆಂದೂ ಕಾಕಾ ಸಾಧಾರವಾಗಿ ತೋರಿಸಿಕೊಡುವುದಕ್ಕೆ ಈ ಹೆಸರು. ಇದರ ಪೂರ್ಣ ಸ್ವರೂಪವು ಸಿಂದಗಿ ಸೀಮೆಯ ಒಬ್ಬ ಕಾಕಾನಲ್ಲಿ, ಅನ್ಯಗ್ರಹದ ಪ್ರಾಣಿಯೊಂದರ ನಾಮಕರಣದ ಸಂದರ್ಭದಲ್ಲಿ ಪ್ರಕಟವಾಯಿತು. ಆ ಸಂದರ್ಭದಲ್ಲಿ ಈ ಬರಹದ ಲೇಖಕನು ಅಲ್ಲಿ ಉಪಸ್ಥಿತನಿದ್ದುದು ಸಂಶೋಧನೆಗಾಗಿ ಅಲ್ಲ. ತನ್ನ ಹೊಸ ಮನೆಗೆ ಹೆಸರು ಕೇಳಲು ಬಂದು ಸರದಿಯಲ್ಲಿ ಕುಳಿತಿದ್ದನು ಎಂಬುದನ್ನು ವಸ್ತುನಿಷ್ಠತೆಯ ದೃಷ್ಟಿಯಿಂದ ದಾಖಲಿಸಬೇಕಾಗಿದೆ.

ಆ ಪ್ರಾಣಿ ವಿಡಿಯೋ ಗೇಮಿನದು. ಇಂಥ ಆಟಗಳ ಅನ್ಯಗ್ರಹ ಜೀವಿಗಳಿಗೆ ಮೊದಲು ಹೆಸರಿನ ಹಂಗು ಇರಲಿಲ್ಲ. 1978ರಲ್ಲಿ ಜಪಾನಿನ ತೋಮೊಹಿರೊ ನಿಶಿಕಾಡೊ ಟೈಟೊ ಕಂಪನಿಗಾಗಿ ರಚಿಸಿದ ಸ್ಪೇಸ್ ಇನ್‌ವೇಡರ್ಸ್ ಆಟದಲ್ಲಿ ಏಡಿ, ಆಕ್ಟೋಪಸ್ಸುಗಳ ಆಕಾರದ ಜೀವಿಗಳು ಸಾಲುಸಾಲಾಗಿ ಇಳಿದು ಬರುತ್ತಿದ್ದವು, ಆಡುವವನು ಅವುಗಳ ಹೆಸರು ವಿಚಾರಿಸದೆ ಗುಂಡು ಹಾರಿಸುತ್ತಿದ್ದನು. 1996ರಲ್ಲಿ ಜಪಾನಿನಲ್ಲಿಯೇ ಬಂದ ಪೋಕೆಮಾನ್ ಆಟವು ಒಂದೂವರೆ ನೂರು ಪ್ರಾಣಿಗಳಿಗೆ ಒಂದೊಂದು ಹೆಸರು ಕೊಟ್ಟಿದ್ದಲ್ಲದೆ, ಹಿಡಿದವನು ತನಗೆ ಬೇಕಾದ ಮುದ್ದಿನ ಹೆಸರನ್ನೂ ಇಡಬಹುದೆಂದು ಅವಕಾಶ ಮಾಡಿತು. 2016ರಲ್ಲಿ ಇಂಗ್ಲೆಂಡಿನ ಹೆಲೊ ಗೇಮ್ಸ್ ಸಂಸ್ಥೆ ಹೊರತಂದ ನೋ ಮ್ಯಾನ್ಸ್ ಸ್ಕೈ ಎಂಬ ಆಟ ಇನ್ನೂ ಮುಂದೆ ಹೋಯಿತು: ಅದರಲ್ಲಿ ಗ್ರಹಗಳನ್ನೂ ಪ್ರಾಣಿಗಳನ್ನೂ ಚಿತ್ರಕಾರರು ಒಂದೊಂದಾಗಿ ಬರೆಯದೆ ಗಣಿತದ ಸೂತ್ರಗಳೇ ಹುಟ್ಟಿಸುತ್ತವೆ, ಗ್ರಹಗಳ ಸಂಖ್ಯೆ ಹದಿನೆಂಟರ ಮುಂದೆ ಹದಿನೆಂಟು ಸೊನ್ನೆ ಬರೆದಷ್ಟು ಆಗುತ್ತದೆ, ಮತ್ತು ಹೊಸ ಪ್ರಾಣಿಯನ್ನು ಮೊದಲು ಕಂಡವನು ಅದಕ್ಕೆ ಹೆಸರಿಡಬಹುದು. ಆಟವೇ ಕೊಡುವ ಆರಂಭದ ಹೆಸರುಗಳಿಗೆ ಲ್ಯಾಟಿನ್ ಭಾಷೆಯ ಧಾಟಿ ಇರುತ್ತದೆ, ಏಕೆಂದರೆ ಸ್ವೀಡನ್ನಿನ ಲಿನೇಯಸ್ ಎಂಬ ವಿಜ್ಞಾನಿಯ 1758ರ ಗ್ರಂಥದಿಂದ ಇತ್ತ ಭೂಮಿಯ ಪ್ರಾಣಿಗಳಿಗೂ ಕುಲದ್ದೊಂದು, ಜಾತಿಯದೊಂದು ಎಂದು ಆ ಧಾಟಿಯ ಎರಡು ಹೆಸರು ಇಡುವುದು ರೂಢಿಯಾಗಿದೆ.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದು ರಜೆಗೆ ಬಂದಿದ್ದ, ಕಾಕಾನ ಅಣ್ಣನ ಮಗ ಲ್ಯಾಪ್‌ಟಾಪನ್ನು ಕಟ್ಟೆಯ ಮೇಲಿಟ್ಟು, ಈ ಆಟದಲ್ಲಿ ತಾನು ಕಂಡ, ಮೈಮೇಲೆ ಬಣ್ಣಬಣ್ಣದ ಮಚ್ಚೆಗಳಿದ್ದ ಆರು ಕಾಲಿನ ಒಂದು ಪ್ರಾಣಿಯನ್ನು ತೋರಿಸಿ, "ಕಾಕಾ, ಇದಕ್ಕೊಂದು ಹೆಸರು ಹೇಳ್ರಿ" ಎಂದನು. ಮನೆಯ ಹೆಸರಿನ ಅರ್ಜಿ ಅಲ್ಲಿಗೇ ನಿಂತಿತು. ಕಾಕಾ ಕಣ್ಣು ಮುಚ್ಚಿ, ಇದು ಹಾಕುವುದು ಮೊಟ್ಟೆಯೋ ಮರಿಯೋ, ಮೇವು ಏನು, ಒಡೆಯರು ಯಾರು, ಊರು ಯಾವ ತಾಲ್ಲೂಕಿಗೆ ಬರುತ್ತದೆ ಎಂದು ವಿಚಾರಿಸಿದರು. ಕೊನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದಾಗ, "ಊರ ಗೊತ್ತಿಲ್ಲದಾಂವ್ಗ ಹೆಸರ ಹ್ಯಾಂಗ ಇಡೂದು?" ಎಂದು ಬೇಸರಪಟ್ಟರು.

ಹುಡುಗನು ತಾನೇ ಕೆಲವು ಹೆಸರುಗಳನ್ನು ಸೂಚಿಸಿದುದು ಅವನ ಅನುಭವದ ಕೊರತೆಯನ್ನು ತೋರಿಸುತ್ತದೆ. ರುದ್ರ ಎಂದನು. "ಬ್ಯಾಡ ತಮ್ಮಾ, ಆ ಹೆಸರಿನಾಂವ ಒಬ್ಬ ಇಂಡ್ಯಾಗ ಇದ್ದ" ಎಂದು ಕಾಕಾ ಪ್ರಾರಂಭಿಸಿದರು. ಆತ ಊರವರಂತೆ ಲಿಂಬೆಯ ತೋಟ ಹಾಕಿದನು. ಇಂಡಿಯ ಲಿಂಬೆ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹಣ್ಣು, ಗಿಡಗಳೂ ಮುರಿದು ಬೀಳುವಷ್ಟು ಕಾಯಿ ಹಿಡಿದವು, ಆದರೆ ಅದೇ ವರ್ಷ ಧಾರಣೆ ನೆಲಕಚ್ಚಿ, ಆತ ಚೀಲಗಳನ್ನು ಪೇಟೆಗೆ ಒಯ್ದು ಟ್ರ್ಯಾಕ್ಟರಿನ ಬಾಡಿಗೆಯನ್ನು ಕೈಯಿಂದ ಕೊಟ್ಟು ಬಂದನು. ವಿಕ್ರಮ ಎಂದರೆ, ಆ ಹೆಸರಿನವನು ಸಿಂದಗಿ ತಾಲ್ಲೂಕಿನಲ್ಲಿಯೇ ಗ್ರಾಮ ಪಂಚಾಯಿತಿಗೆ ನಿಂತು ಒಂದು ಮತದಿಂದ ಸೋತಿದ್ದನು, ಆಮೇಲೆ ನೋಡಿದರೆ ಅವನ ಮನೆಯವರೇ ಅಂದು ಜಾತ್ರೆಗೆ ಹೋಗಿದ್ದರು. ಮಯೂರ ಎಂದರೆ, ಆ ಹೆಸರಿನ ಮದುಮಗನೊಬ್ಬನ ದಿಬ್ಬಣ ಬಸವನ ಬಾಗೇವಾಡಿಗೆ ಹೊರಟು, ಬಸ್ಸಿನ ಫಲಕದಲ್ಲಿ ಬಾಗೇವಾಡಿ ಎಂಬುದನ್ನಷ್ಟೇ ಓದಿ ಹತ್ತಿ, ಬೆಳಗಾವಿ ಜಿಲ್ಲೆಯ ಹಿರೇಬಾಗೇವಾಡಿಯಲ್ಲಿ ಇಳಿದಿತ್ತು. ಬೇಸತ್ತ ಹುಡುಗ ಭೂಮಿಯ ಮೇಲೆ ಯಾರಿಗೂ ಇಲ್ಲದ ಹೆಸರಿರಲೆಂದು ಝೋರ್ಗಾನ್ ಎಂದನು. ಹೆಸರಿನೊಳಗೆ ಗನ್ ಇದ್ದರೆ ನಾಳೆ ಠಾಣೆಯಿಂದ ಕರೆ ಬರುತ್ತದೆ ಎಂದು ಕಾಕಾ ಅದನ್ನೂ ತಳ್ಳಿಹಾಕಿದರು. ಅಷ್ಟರಲ್ಲಿ ಸಂದು ಸಿಕ್ಕಿತೆಂದು ಈ ಬರಹದ ಲೇಖಕನು ತನ್ನ ಮನೆಗೆ 'ನೆಮ್ಮದಿ' ಹೇಗೆಂದು ಕೇಳಿದಾಗ, ಆ ಹೆಸರಿನ ಮನೆಯ ಅಣ್ಣತಮ್ಮಂದಿರು ನಡುವೆ ಗೋಡೆ ಹಾಕಿಕೊಂಡ ವೃತ್ತಾಂತವು ಆತನಿಗೆ ಬಾವಿಯ ಪಾಲಿನ ವಿವರಗಳೊಂದಿಗೆ ದೊರೆಯಿತು.

ಆಗ ಹುಡುಗನು ಆಟವೇ ಕೊಟ್ಟಿದ್ದ ಲ್ಯಾಟಿನ್ ಧಾಟಿಯ ಹೆಸರನ್ನು ಓದಿದನು. ಕಾಕಾ ಬಹಳ ಹೊತ್ತು ಯೋಚಿಸಿ, ಈ ಹೆಸರಿನವರು ನಾಲ್ಕು ತಾಲ್ಲೂಕಿನಲ್ಲಿ ಯಾರೂ ಕೆಟ್ಟಿಲ್ಲವೆಂದು ಒಪ್ಪಿದರು. ಆದರೆ ಅವರ ಶಾಸ್ತ್ರದಲ್ಲಿ ಎರಡನೆಯ ಪರೀಕ್ಷೆಯೊಂದಿದೆ: ಹೆಸರು ಮನೆಯ ಬಾಗಿಲಲ್ಲಿ ನಿಂತು ಕೂಗಿದರೆ ಹೊಲದವರೆಗೆ ಹೋಗಬೇಕು. ಕಾಕಾ ಎದ್ದು ನಿಂತು ಆ ಹೆಸರನ್ನು ಕೂಗಲು ಯತ್ನಿಸಿದರು. ಅದು ಅರ್ಧಕ್ಕೇ ನಾಲಗೆಗೆ ತೊಡರಿಕೊಂಡು ನಿಂತಿತು, ಓಣಿಯ ನಾಯಿಯೊಂದು ಮಾತ್ರ ತಿರುಗಿ ನೋಡಿತು. ಕೊನೆಗೆ ಅವರು ಪರದೆಯ ಹತ್ತಿರ ಬಗ್ಗಿ ಪ್ರಾಣಿಯ ಮಚ್ಚೆಗಳನ್ನು ದಿಟ್ಟಿಸಿ, "ಹಂಡ್ಯಾ ಅಂತ ಇಡು" ಎಂದರು. ಹಂಡ ಎಂದರೆ ಮಚ್ಚೆಗಳುಳ್ಳ, ಮಿಶ್ರ ಬಣ್ಣದ ಜಾನುವಾರು. ಮುದ್ದೇಬಿಹಾಳದ ಬೀಗರ ಮನೆಯಲ್ಲಿ ಆ ಹೆಸರಿನ ಎತ್ತೊಂದಿತ್ತು, ಅದು ಮೈಮುರಿದು ದುಡಿದು, ಮುಪ್ಪಾಗಿ, ಕೊಟ್ಟಿಗೆಯಲ್ಲಿಯೇ ತೀರಿಕೊಂಡಿತು, ಮಾರುವ ಪ್ರಸಂಗ ಬರಲಿಲ್ಲ. ಕಾಕಾನ ದಫ್ತರಿನಲ್ಲಿ ದೋಷವಿಲ್ಲದ ಏಕೈಕ ಪೂರ್ವನಾಮಧಾರಿ ಅದೇ ಆಗಿತ್ತು. ಹುಡುಗನು ರೋಮನ್ ಅಕ್ಷರಗಳಲ್ಲಿ ಹೆಸರನ್ನು ಒತ್ತಿದನು, ಚಹಾ ಬಂದಿತು, ಸಭೆ ಮುಗಿಯಿತು. ಒಂದು ಮನೆ ಮಾತ್ರ ಇಂದಿಗೂ ಹೆಸರಿಲ್ಲದೆ ನಿಂತಿದೆ.

ಈ ಪ್ರಸಂಗದ ಉತ್ತರಭಾಗವು ಪೂರ್ವನಾಮದೋಷದ ಮೂಲವನ್ನು ತಿಳಿಯಲು ನೆರವಾಗುತ್ತದೆ. ಹುಡುಗನು ಮುಂದಿನ ಸಲ ಊರಿಗೆ ಬಂದಾಗ ಕಾಕಾ ಅವನ ಅಂಕಗಳನ್ನು ಕೇಳುವುದಕ್ಕಿಂತ ಮೊದಲು, "ಹಂಡ್ಯಾ ಹ್ಯಾಂಗದಾನ? ಮೇವು ಸಿಗತೈತೇನು?" ಎಂದು ಕೇಳಿದರು. ಹುಡುಗನು ಆ ಗ್ರಹವನ್ನು ಅದೇ ದಿನ ಬಿಟ್ಟು ಹೊರಟಿದ್ದನು. ಅಷ್ಟು ಗ್ರಹಗಳಿರುವ ಆಟದಲ್ಲಿ ಯಾರಾದರೂ ಹಿಂದಿರುಗಿ ಹೋಗುವುದು ಅಪರೂಪ. "ಆರಾಮ ಅದಾನ್ರಿ ಕಾಕಾ" ಎಂದು ಅವನು ಹೇಳಿದುದನ್ನು ಸುಳ್ಳೆಂದು ವರ್ಗೀಕರಿಸಲು ಮನಸ್ಸು ಬಾರದು. ಕಾಕಾ ತಾವು ಹೆಸರಿಟ್ಟ ಪ್ರತಿಯೊಬ್ಬರನ್ನೂ ಹೀಗೆಯೇ ವಿಚಾರಿಸುತ್ತ ಬಂದವರು: ಲಿಂಬೆಯ ತೋಟದವನ ನಷ್ಟ, ಪಂಚಾಯಿತಿಗೆ ನಿಂತವನ ಸೋಲು, ತಪ್ಪಿಹೋದ ದಿಬ್ಬಣ ಇವೆಲ್ಲ ಅವರಿಗೆ ಗೊತ್ತಿದ್ದುದು ಅಪಶಕುನದ ಹವ್ಯಾಸದಿಂದಲ್ಲ, ಅವರಲ್ಲಿ ಹಲವರಿಗೆ ಹೆಸರು ಹೇಳಿದವರು ತಾವೇ ಆಗಿದ್ದು, ಹೇಳಿದ ಮೇಲೆ ಅವರ ಬಾಳಿನ ಜಮಾಖರ್ಚನ್ನು ಬರೆಯದೆ ಇಟ್ಟುಕೊಂಡು ಬಂದುದರಿಂದ. ಒಬ್ಬನು ಕೆಟ್ಟನೆಂದರೆ ಆ ಹೆಸರನ್ನು ಇನ್ನೊಂದು ಕೂಸಿಗೆ ಹಚ್ಚಲು ಅವರಿಗೆ ಕೈ ಬರುವುದಿಲ್ಲ.

ಈಗಿನ ತಂದೆತಾಯಿಗಳು ಮೊಬೈಲಿನ ಪಟ್ಟಿಯಿಂದ ಎರಡಕ್ಷರದ ಹೆಸರನ್ನು ಆರಿಸಿ, ಅಕ್ಷರ ಕೂಡಿಸಿ ನೋಡಿ, ತೊಟ್ಟಿಲ ದಿನ ಕಾಕಾನಿಗೆ ಗುಗ್ಗರಿಯನ್ನು ಮಾತ್ರ ಕಳಿಸುತ್ತಾರೆ. ಕೂಸುಗಳು ಕೈತಪ್ಪಿ, ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಕಾಕಾನ ಪಾಲಿಗೆ ಉಳಿದುದು ಅನ್ಯಗ್ರಹದ ಜೀವಿಗಳು ಮಾತ್ರ ಎಂದರೆ ಅತಿಶಯವಲ್ಲ. ಮೊಬೈಲಿನ ಪಟ್ಟಿ ವೇಗವಾದುದು, ಚಹಾ ಬೇಡುವುದಿಲ್ಲ, ಇಂಡಿಯ ಕಥೆ ಹೇಳುವುದಿಲ್ಲ. ಆದರೆ ಹೆಸರು ಕೊಟ್ಟ ಮೇಲೆ ಆ ಕೂಸು ಶಾಲೆಗೆ ಹೋಯಿತೇ, ಜ್ವರ ಇಳಿಯಿತೇ ಎಂದು ಅದು ಒಮ್ಮೆಯೂ ಕೇಳಿದ ದಾಖಲೆಯಿಲ್ಲ.

ಆದ್ದರಿಂದ ಹೆಸರು ಬೇಕಾದ ಓದುಗರಿಗೆ ಇಷ್ಟು ಸೂಚಿಸಬಹುದು. ಕಾಕಾನ ಬಳಿ ಹೋಗುವಾಗ ಬಿಡುವು ಮಾಡಿಕೊಂಡು ಹೋಗಬೇಕು, ತಾವು ಆರಿಸಿದ ಹೆಸರನ್ನು ಅವರ ಮುಂದೆ ಎಂದೂ ಬಾಯಿಬಿಡಬಾರದು, ಮತ್ತು ಎಂಜಿನಿಯರಿಂಗ್ ಓದುವ ಹುಡುಗರು ರಜೆಗೆ ಬಂದ ದಿನಗಳಲ್ಲಿ ಮನೆಯ ಹೆಸರು ಕೇಳಲು ಹೋಗಲೇಬಾರದು. ಇಷ್ಟು ತಾಳ್ಮೆ ಇಲ್ಲದವರು ಪಟ್ಟಿಯಿಂದಲೇ ಆರಿಸಿಕೊಳ್ಳಲಿ, ತಪ್ಪೇನಿಲ್ಲ. ಆದರೆ ಹೆಸರಿಟ್ಟ ಮೇಲೆ ಆಗಾಗ ವಿಚಾರಿಸಿಕೊಳ್ಳುವ ಕೆಲಸವನ್ನು ಅವರೇ ಮಾಡಬೇಕಾಗುತ್ತದೆ.