ಟೂ-ಇನ್-ಒನ್ ಲಕ್ಷಣಮೀಮಾಂಸೆ

ವೀರಗಲ್ಲಿಗೆ, ಓಲೆಗರಿಗೆ, ತಾಮ್ರಪಟಕ್ಕೆ ಕನ್ನಡದ ವಿದ್ವತ್ತು ಸಲ್ಲಿಸಿದ ಸೇವೆ ದೊಡ್ಡದು. ಆದರೆ ಅಮೆರಿಕದವರು ಬೂಮ್‌ಬಾಕ್ಸ್ ಎಂದೂ ನಮ್ಮವರು ಟೂ-ಇನ್-ಒನ್ ಎಂದೂ ಕರೆದ, ಹಿಡಿಕೆಯುಳ್ಳ, ಹೊತ್ತವನ ಭುಜ ಇಳಿಸುವ ಆ ಪೆಟ್ಟಿಗೆಗೆ ಇನ್ನೂ ಒಂದು ಲಕ್ಷಣಗ್ರಂಥವಿಲ್ಲ. ಹಳೆಯ ಸೆಟ್ಟುಗಳನ್ನು ಹುಡುಕಿ ಗುಡ್ಡೆ ಹಾಕುವ ಸಂಗ್ರಾಹಕರು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಶಾಸ್ತ್ರವಿಲ್ಲದೆ ಜಗಳ ಮಾತ್ರ ಬೆಳೆಯುತ್ತಿದೆ. ಆ ಕೊರತೆ ನೀಗಲೆಂದು ಈ ಪ್ರಬಂಧ.

ಕಾಲನಿರ್ಣಯದಲ್ಲಿ ಕಿತ್ತಾಟಕ್ಕೆ ಜಾಗವಿಲ್ಲ, ವಿದ್ವಾಂಸರಿಗೆ ಇದೊಂದು ನಷ್ಟವೇ. ಕ್ಯಾಸೆಟ್ಟು ಫಿಲಿಪ್ಸ್ ಕಂಪನಿಯ ಕೂಸು; 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಹೊರಬಿತ್ತು. ಅದೇ ದಶಕದಲ್ಲಿ ರೇಡಿಯೊ ಜೊತೆ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಹೂಡಿತು. ಎಪ್ಪತ್ತರ ದಶಕದಲ್ಲಿ ಜಪಾನಿನ ಕಂಪನಿಗಳು ಅದಕ್ಕೆ ಮೈ ತುಂಬಿಸಿದವು. ನಮ್ಮ ಕರಾವಳಿಗೆ ಅದು ಬಂದದ್ದು ಗಲ್ಫ್ ಮಾರ್ಗವಾಗಿ: ರಜೆಗೆ ಊರಿಗೆ ಬಂದ ಭಟ್ಕಳ, ಉಡುಪಿ, ಮಂಗಳೂರಿನವರ ಸಾಮಾನಿನ ನಡುವೆ ನ್ಯಾಷನಲ್ ಪ್ಯಾನಸೋನಿಕ್ ಸೆಟ್ಟು. ಯಕ್ಷಗಾನದ ಹುಚ್ಚಿದ್ದವರು ಅದನ್ನು ರಂಗಸ್ಥಳದೆದುರು ಇಟ್ಟು ಭಾಗವತಿಕೆ ತುಂಬಿಸಿಕೊಳ್ಳುತ್ತಿದ್ದರು. ಸಿ-90 ಕ್ಯಾಸೆಟ್ಟಿಗೆ ಒಂದೊಂದು ಮಗ್ಗುಲು 45 ನಿಮಿಷ. ಮಗುಚಿ ಹಾಕುವಷ್ಟರಲ್ಲಿ ಅರ್ಧ ಪದ್ಯ ಹೋಗಿರುತ್ತಿತ್ತು. ಇಂಥ ಪ್ರತಿಗಳಲ್ಲಿ ಸರಿಯಾಗಿ 45ನೇ ನಿಮಿಷಕ್ಕೆ ಕಾಣುವ ಗ್ರಂಥಪಾತವನ್ನು ಲಿಪಿಕಾರನ ಅಜ್ಞಾನವೆಂದು ಮುಂದಿನ ಸಂಪಾದಕರು ತಿಳಿಯಬಾರದು.

ಇನ್ನು ಲಕ್ಷಣ. ನಮ್ಮ ಆಲಂಕಾರಿಕರ ಪರಿಭಾಷೆ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಆರ್‌ಎಂಎಸ್ ವ್ಯಾಟ್ ಎಂಬುದು ಸ್ವಭಾವೋಕ್ತಿ: ಸ್ಪೀಕರಿಗೆ ಎಡೆಬಿಡದೆ ಸಲ್ಲುವ ಶಕ್ತಿ ಇಷ್ಟು, ಅಷ್ಟೇ. ಪಿಎಂಪಿಒ ಎಂಬುದು ಅತಿಶಯೋಕ್ತಿ. ಕ್ಷಣಾರ್ಧ ಮಿಂಚಿ ಮಾಯವಾಗುವ ಶಕ್ತಿಯ ಈ ಲೆಕ್ಕಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ಆದ್ದರಿಂದ ಕೆಲವೇ ವ್ಯಾಟಿನ ಸೆಟ್ಟಿನ ನೆತ್ತಿಯ ಮೇಲೆ ಸಾವಿರದ ಸ್ಟಿಕರ್ ಅಂಟಿಸಲು ಅಡ್ಡಿಯಿಲ್ಲ. ಜಾಲರಿಯ ಹಿಂದೆ ಸ್ಪೀಕರೇ ಇಲ್ಲದೆ ಬರೀ ಪ್ಲಾಸ್ಟಿಕ್ ಬಟ್ಟಲು ಕೂತಿದ್ದರೆ ಅದು ಭ್ರಾಂತಿಮದಲಂಕಾರ. ಹಾಡಿನ ಏರಿಳಿತಕ್ಕೆ ಕುಣಿಯುವ ಕೆಂಪು-ಹಸಿರು ದೀಪಗಳು ಅನುಪ್ರಾಸ. ಅರ್ಥಕ್ಕೆ ಏನನ್ನೂ ಸೇರಿಸವು, ಆದರೆ ಅವಿಲ್ಲದ ಸೆಟ್ಟನ್ನು ಯಾರೂ ತಿರುಗಿ ನೋಡರು. ಕಾವ್ಯದ ಆತ್ಮ ಧ್ವನಿ ಎಂದ ಆನಂದವರ್ಧನನನ್ನು ಮಾತ್ರ ಸಂಗ್ರಾಹಕರು ಒಪ್ಪುವುದಿಲ್ಲ. ಅವರ ಗೋಷ್ಠಿಯಲ್ಲಿ ಸೆಟ್ಟು ಹಾಡುವುದೇ ಅಪರೂಪ. ಹಾಡಿದರೆ ಹೆಡ್ಡು ಸವೆಯುತ್ತದಲ್ಲ!

ಗಾತ್ರವನ್ನು ಗುಣವೆನ್ನಬಹುದೇ? ನ್ಯೂಯಾರ್ಕ್ ಪಂಥ ಹೌದೆನ್ನುತ್ತದೆ. ಸ್ಪೈಕ್ ಲೀ ಅವರ 1989ರ ‘ಡು ದ ರೈಟ್ ಥಿಂಗ್’ ಚಿತ್ರದಲ್ಲಿ ರೇಡಿಯೊ ರಹೀಮ್ ಹೊತ್ತು ತಿರುಗುವ ಪೆಟ್ಟಿಗೆಗೆ ದಪ್ಪ ಸೆಲ್ಲುಗಳೇ 20 ಬೇಕು. ಕೋನಿಯನ್ ಸಿ-100ಎಫ್ ಎಂಬ ಇನ್ನೊಂದು ದೈತ್ಯನಲ್ಲಿ, ಯಾರಾದರೂ ಅಲುಗಿಸಿದರೆ ಅರಚಿಕೊಳ್ಳುವ ಅಲಾರಮ್ಮನ್ನೇ ಇಟ್ಟಿದ್ದರು. ಅಷ್ಟು ಭಾರವನ್ನು ಎತ್ತಿಕೊಂಡು ಓಡಬಲ್ಲ ಕಳ್ಳನಿಗೆ ಶಾಲು ಹೊದಿಸಬೇಕೇ ಹೊರತು ಬೊಬ್ಬೆ ಹೊಡೆಯಬಾರದು ಎಂಬುದು ಪ್ರಬಂಧಕಾರನ ನಮ್ರ ಅಭಿಮತ.

ಜಪಾನಿನಿಂದಲೇ ನೇರ ತರಿಸಿದ ಸೆಟ್ಟೇ ಶ್ರೇಷ್ಠ ಎಂಬ ಪೂರ್ವಪಕ್ಷ ಒಂದಿದೆ. ಅದರ ಖಂಡನೆಗೆ ಒಂದೇ ಪ್ರಮಾಣ ಸಾಕು. ಆ ದೇಶದ ಒಳಬಳಕೆಗೆಂದು ಮಾಡಿದ ಹಳೆಯ ಸೆಟ್ಟುಗಳಲ್ಲಿ ಬಹುಪಾಲಿನ ಎಫ್‌ಎಂ ಮುಳ್ಳು 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ ಓಡಾಡುತ್ತದೆ. ಬೆಂಗಳೂರಿನಲ್ಲಿ ಆಕಾಶವಾಣಿಯ ರೇನ್‌ಬೋ ಇರುವುದು 101.3ರಲ್ಲಿ, ವಿವಿಧ ಭಾರತಿ 102.9ರಲ್ಲಿ. ಸಾವಿರಾರು ರೂಪಾಯಿ ತೆತ್ತು ತಂದ ಸೆಟ್ಟು ಈ ತುದಿಯಿಂದ ಆ ತುದಿಯವರೆಗೂ ‘ಸುಂಯ್’ ಅನ್ನುತ್ತದೆ. ಇದನ್ನೇ ನಾದಬ್ರಹ್ಮವೆಂದು ವ್ಯಾಖ್ಯಾನಿಸಿ ಸಮಾಧಾನ ಪಟ್ಟುಕೊಂಡವರೂ ಇದ್ದಾರೆ.

ಮತಭೇದ ನಿಜಕ್ಕೂ ಕೈ ಮಿಲಾಯಿಸುವ ಮಟ್ಟಕ್ಕೆ ಹೋಗುವುದು ಬೆಲ್ಟಿನ ವಿಚಾರದಲ್ಲಿ. ಸ್ಕ್ರೂ ಬಿಚ್ಚಿ ಒಳಗೆ ನೋಡಿದರೆ ರಬ್ಬರ್ ಬೆಲ್ಟು ಇರಬೇಕಾದ ಕಡೆ ಡಾಂಬರಿನಂಥ ಕರಿ ಅಂಟು. ಮೋಟಾರಿನ ಪುಟ್ಟ ಗಾಲಿಗೂ ಫ್ಲೈವೀಲಿಗೂ ಮೆತ್ತಿಕೊಂಡಿರುತ್ತದೆ. ಬೆರಳಿಗೆ ಹತ್ತಿದರೆ ಸೋಪಿಗೆ ಬಗ್ಗದು. ನವ್ಯರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಅದನ್ನೆಲ್ಲ ತಿಕ್ಕಿ ತೆಗೆದು ಹೊಸ ಬೆಲ್ಟು ಹಾಕುತ್ತಾರೆ. ಸನಾತನಿಗಳು ‘ಕಂಪನಿ ಫಿಟ್ಟಿಂಗು, ಕೈ ಹಚ್ಚಿಲ್ಲ’ ಎಂದು ಆ ಅಂಟನ್ನೇ ಪೂಜಿಸುತ್ತಾರೆ; ಅವರ ಸೆಟ್ಟು ಹಾಡುವುದಿಲ್ಲ, ಬೆಲೆ ಮಾತ್ರ ಜಾಸ್ತಿ. ಮೂರನೆಯ ಪಂಗಡದವರು ಮನೆಯಲ್ಲಿ ಸಿಕ್ಕ ರಬ್ಬರ್ ಬ್ಯಾಂಡ್ ಸಿಕ್ಕಿಸಿಬಿಡುತ್ತಾರೆ. ಸೆಕೆಂಡಿಗೆ 4.76 ಸೆಂಟಿಮೀಟರ್ ಎಂಬ ಶಾಸ್ತ್ರೋಕ್ತ ವೇಗ ಹದಗೆಟ್ಟು, ಪಿ.ಬಿ. ಶ್ರೀನಿವಾಸ್ ಒಂದೇ ಸಾಲಿನಲ್ಲಿ ಮಂದ್ರಕ್ಕೂ ತಾರಕಕ್ಕೂ ಹೋಗಿಬರುತ್ತಾರೆ. ಆದರೂ ಮೂವರಲ್ಲಿ ಹಾಡು ಕೇಳುವ ಆಸೆ ತಡೆಯಲಾರದೆ ಹೋದವರು ಇವರೇ. ಪ್ರಬಂಧಕಾರನ ಮತ ಇವರಿಗೆ.

ಅಟ್ಟದ ಮೇಲೆ ಇಂಥದೊಂದು ಸೆಟ್ಟು ಇರುವ ಓದುಗರಲ್ಲಿ ವಿನಂತಿ: ಮಾರುವುದೋ, ಗುಜರಿಗೆ ಹಾಕುವುದೋ ಆಮೇಲೆ ನೋಡಿಕೊಳ್ಳಿ, ಮೊದಲು ಹಿಂಬದಿಯ ಮುಚ್ಚಳ ತೆಗೆದು ಹಳೆ ಸೆಲ್ಲುಗಳನ್ನು ಹೊರಹಾಕಿ. ಸೋರಿದ ಸೆಲ್ಲು ಸ್ಪ್ರಿಂಗನ್ನೂ ತಂತಿಯನ್ನೂ ತಿಂದುಹಾಕಿದರೆ ಯಾವ ಪಂಥದವರೂ ಅದಕ್ಕೆ ಕೈ ಹಚ್ಚುವುದಿಲ್ಲ.