ಎರಡು ರೂಪಾಯಿಯ ಅನುಮಾನ

ಮಹಾರಾಷ್ಟ್ರದ ಗಡಹಿಂಗ್ಲಜ ತಾಲ್ಲೂಕಿನ ಹಲಕರ್ಣಿಯಂಥ ಊರಲ್ಲಿ ಮತಗಟ್ಟೆ ಎಂದರೆ ಅಧಿಕಾರಿಗಳು, ಯಂತ್ರ ಮತ್ತು ಏಜಂಟ್ ಮಾಮಾ. ಅಧಿಕಾರಿಗಳು ಪ್ರತಿ ಸಲ ಬದಲಾಗುತ್ತಾರೆ. ಮಾಮಾ ಮಾತ್ರ ಅದೇ ಬೆಂಚು, ಅದೇ ಗಾಂಧಿ ಟೊಪ್ಪಿಗೆ. ಪಕ್ಷ ಬೇಕಾದರೆ ಬೇರೆ.

ಏಳಕ್ಕೆ ಮತದಾನವಾದರೆ ಐದೂವರೆಗೇ ಅಣಕು ಮತದಾನಕ್ಕೆ ಹಾಜರು. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಬಂದರೆ ಹಿಡಿಯಲಿ ಎಂದು ಪಕ್ಷ ಅವರನ್ನು ಕೂರಿಸಿರುತ್ತದೆ. ತೊಂದರೆ ಏನೆಂದರೆ, ಊರಲ್ಲಿ ಮಾಮಾನಿಗೆ ನಂಟಿಲ್ಲದ ಮನೆಯೇ ಇಲ್ಲ.

ಅಧಿಕಾರಿ ಮರಾಠಿಯಲ್ಲಿ "ಓಳಖಪತ್ರ ದಾಖವಾ" (ಗುರುತಿನ ಚೀಟಿ ತೋರಿಸಿ) ಎನ್ನುವಷ್ಟರಲ್ಲಿ ಮಾಮಾ ಬಾಯಿ ಹಾಕುತ್ತಾರೆ: "ಏನ್ ಓಳಖ ಸಾಹೇಬ್ರ? ಇಕಿ ನಮ್ಮ ಹಿರೀ ಕಾಕೂ. ನನ್ನ ಎತ್ತಿ ಆಡಿಸ್ಯಾಳ!" ಮತದಾರರ ಕಾರ್ಡು ಇಲ್ಲದಿದ್ದರೆ ಆಧಾರ್, ಪ್ಯಾನ್, ಲೈಸನ್ಸ್, ಫೋಟೋ ಇರುವ ಪಾಸ್‌ಬುಕ್, ನರೇಗಾ ಕಾರ್ಡು, ಯಾವುದಾದರೂ ನಡೆಯುತ್ತದೆ. ಬರೀ ಮತದಾರರ ಚೀಟಿ 2019ರಿಂದ ನಡೆಯುವುದಿಲ್ಲ. ಮಾಮಾನ ಮಾತಂತೂ ಯಾವ ಯಾದಿಯಲ್ಲೂ ಇಲ್ಲ. ಕಾಕೂ ತಂದದ್ದು ರೇಷನ್ ಕಾರ್ಡು. "ಇದಕ್ಕ ಅಕ್ಕಿ ಕೊಡ್ತೀರಿ, ಓಟ್ ಯಾಕ ಕೊಡೂದಿಲ್ಲ?" ಎಂಬ ಆಕೆಯ ಪ್ರಶ್ನೆಗೆ ಚುನಾವಣಾ ಆಯೋಗದ ಬಳಿಯೂ ಉತ್ತರ ಇದ್ದಂತಿಲ್ಲ.

ಮತದಾರನ ಮೇಲೆ ಅನುಮಾನ ಬಂದರೆ ಏಜಂಟರು ಎರಡು ರೂಪಾಯಿ ಠೇವಣಿ ಇಟ್ಟು ತಕರಾರು ಎತ್ತಬಹುದು. ತಕರಾರು ಕ್ಷುಲ್ಲಕವೋ ದುರುದ್ದೇಶದ್ದೋ ಅಲ್ಲದಿದ್ದರೆ ದುಡ್ಡು ವಾಪಸ್. 1961ರ ಚುನಾವಣಾ ನಿಯಮಗಳಲ್ಲಿ ಇವತ್ತಿಗೂ ಇದೇ ದರ. ಚಹಾ ತುಟ್ಟಿಯಾಯಿತು, ಅನುಮಾನ ಆಗಲಿಲ್ಲ! ಮಾಮಾನ ಅಂಗಿಯ ಕಿಸೆಯಲ್ಲಿ ಆ ನಾಣ್ಯ ಸದಾ ತಯಾರು. ಆದರೆ ನೆಂಟರ ಮೇಲೆ ಇಡುವುದು ಹೇಗೆ?

ಒಮ್ಮೆ ಇಟ್ಟೇಬಿಟ್ಟರು. ಇಚಲಕರಂಜಿಯ ಮಗ್ಗದ ಕೆಲಸದಿಂದ ಓಟಿಗೆಂದೇ ಬಂದ ಹುಡುಗ. ಕಾರ್ಡಿನ ಫೋಟೋದಲ್ಲಿ ಮೀಸೆಯೂ ಮೂಡಿಲ್ಲ, ಎದುರಿಗೆ ಎದೆಯವರೆಗೆ ಗಡ್ಡ. "ಇಂವಾ ಅಂವಾ ಅಲ್ಲ!" ಎಂದು ಮಾಮಾ ನಾಣ್ಯವನ್ನು ಮೇಜಿಗೆ ಬಡಿದರು. ಕೇಂದ್ರಾಧ್ಯಕ್ಷರು ವಿಚಾರಣೆಗೆ ಕೂತು, "ಊರಲ್ಲಿ ಇವನ ಗುರುತು ಹೇಳುವವರು ಯಾರು?" ಎಂದು ಕೇಳಿದರು. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಮಾಮಾನ ಕಡೆ ಕೈ ಮಾಡಿದರು.

ಮಾಮಾ ಎದ್ದು ಹೋಗಿ ಹುಡುಗನ ಗಲ್ಲ ಹಿಡಿದು, ಗಡ್ಡ ಸರಿಸಿ, ಮೂಗು ದಿಟ್ಟಿಸಿದರು. "ಮೂಗು ನಮ್ಮ ಸೋದರತ್ತೀದs. ಓಟ್ ಹಾಕ್ಲಿ ಬಿಡ್ರಿ," ಎಂದು ಬೆಂಚಿಗೆ ಮರಳಿದವರು ತಡೆದು ಕೇಳಿದರು: "ಸಾಹೇಬ್ರ, ಗುರುತು ಹೇಳಿದಾಂವಾ ನಾನs ಅಲ್ರಿ... ಎರಡು ರೂಪಾಯಿ?"