ಶಾಲಾಜಾಲ ಮೀಮಾಂಸೆ

ಪೀಠಿಕೆ

ಶಾಸ್ತ್ರಗ್ರಂಥ ಎಂದ ಮೇಲೆ ಮೊದಲ ಪುಟದಲ್ಲೇ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು. ಈ ಪ್ರಬಂಧದ ವಿಷಯ, ತಾಲ್ಲೂಕು ಕೇಂದ್ರದ ಒಂದು ಮಾದರಿ ಪ್ರೌಢಶಾಲೆಯ ಕಂಪ್ಯೂಟರ್ ನೆಟ್‌ವರ್ಕನ್ನು ಪರಿಶೋಧಿಸಿ ಅದನ್ನು ಮೇಲ್ದರ್ಜೆಗೇರಿಸುವ ಪ್ರಸ್ತಾವನೆ ಬರೆಯುವ ವಿಧಿ. ಪ್ರಯೋಜನ, ಅನುದಾನ. ಸಂಬಂಧ, ಕಡತಕ್ಕೂ ಕೇಬಲ್ಲಿಗೂ ನಡುವಿನದು; ಅಂಥದೊಂದು ಇದೆಯೇ ಇಲ್ಲವೇ ಎಂಬುದೇ ಮುಂದಿನ ಚರ್ಚೆ.

ಅಧಿಕಾರಿಯ ಲಕ್ಷಣವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ವೇದಾಂತ ಓದುವವನಿಗೆ ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಇಷ್ಟೂ ಬೇಕು. ಶಾಲೆಯ ನೆಟ್‌ವರ್ಕ್ ಪ್ರಭಾರ ವಹಿಸಲು ಒಂದೇ ಅರ್ಹತೆ ಸಾಕು: ಎಂದೋ ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಹರಿಯದಂತೆ ಎಳೆದಿರಬೇಕು, ಮುಖ್ಯೋಪಾಧ್ಯಾಯರು ಅದನ್ನು ಕಂಡಿರಬೇಕು. ತರ್ಕಶಾಸ್ತ್ರದ ಉದಾಹರಣೆಗಳಲ್ಲಿ ಶತಮಾನಗಳಿಂದ ಸಂಬಳವಿಲ್ಲದೆ ದುಡಿಯುತ್ತಿರುವ ದೇವದತ್ತನನ್ನೇ ಇಲ್ಲಿ ಈ ಕೆಲಸಕ್ಕೆ ನಿಯೋಜಿಸಿದೆ. ಮೂಲತಃ ಅವರು ಸಮಾಜ ವಿಜ್ಞಾನದ ಮೇಷ್ಟ್ರು.

ತಂತು-ಪಟ ವಿಚಾರ

ನೂಲಿನ ಎಳೆಗಳೇ ಬಟ್ಟೆಯೋ, ಎಳೆಗಳಿಗಿಂತ ಬಟ್ಟೆ ಬೇರೆಯೇ ಒಂದು ವಸ್ತುವೋ? ಬೇರೆಯೇ ಎಂದರು ನೈಯಾಯಿಕರು. ಎಳೆಗಳ ರಾಶಿಗೆ ಇಟ್ಟ ಹೆಸರಷ್ಟೇ ಎಂದರು ಬೌದ್ಧರು. ಶಾಲೆಯ ಕಂಪ್ಯೂಟರ್ ಕೋಣೆಯ ಬೀಗ ತೆಗೆಸಿದ್ದರೆ ಈ ವಾದ ಒಂದು ಪಿರಿಯಡ್‌ನಲ್ಲಿ ಮುಗಿದುಹೋಗುತ್ತಿತ್ತು. ಅಲ್ಲಿ ಕೇಬಲ್ ಇದೆ, ಸ್ವಿಚ್ ಇದೆ, ರೂಟರ್ ಇದೆ, ಹೊದಿಕೆ ಹೊದ್ದ 20 ಕಂಪ್ಯೂಟರ್‌ಗಳಿವೆ. ನೆಟ್‌ವರ್ಕ್ ಇಲ್ಲ. ನೈಯಾಯಿಕರು ಗೆದ್ದರು.

ಈ ತಂತುಗಳ ಮೂಲಪುರುಷ ರಾಬರ್ಟ್ ಮೆಟ್‌ಕಾಫ್. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ 1973ರ ಮೇ 22ರಂದು ಅವರು ಬರೆದ ಟಿಪ್ಪಣಿಯಿಂದ ಈಥರ್ನೆಟ್ ಹುಟ್ಟಿತು. 1983ರಲ್ಲಿ ಅದಕ್ಕೆ 802.3 ಎಂಬ ಮಾನಕದ ಮುದ್ರೆ ಬಿತ್ತು. ಕಂಪ್ಯೂಟರ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ವಿದ್ಯೆ ಜೆರಾಕ್ಸ್ ಕಂಪನಿಯಿಂದ ಬಂದರೂ, ತಾಲ್ಲೂಕಿನ ಶಾಲೆಗಳ ಮಾಹಿತಿ ವಿನಿಮಯ ಬಿಇಒ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲೇ ಉಳಿದಿದೆ. ಮೂಲ ಸಂಪ್ರದಾಯಕ್ಕೆ ನಿಷ್ಠೆ ಎಂದರೆ ಇದು.

ಪ್ರಮಾಣ ಷಟ್ಕ

ಇಲ್ಲದ ನೆಟ್‌ವರ್ಕನ್ನು ಪರಿಶೋಧಿಸುವುದು ಹೇಗೆ? ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪಿದ್ದಾರೆ. ಆಡಿಟ್ ವರದಿಗೆ ಆರೂ ಬೇಕು.

ಮೊದಲನೆಯದು ಪ್ರತ್ಯಕ್ಷ. ರೂಟರಿನಿಂದ ಹೊರಟ ಕೇಬಲ್ಲನ್ನು ಕೈಯಲ್ಲಿ ಹಿಡಿದು ತುದಿ ಸಿಗುವವರೆಗೂ ನಡೆಯಬೇಕು. ಅದು ಕಿಟಕಿಯ ಸರಳುಗಳ ನಡುವೆ ಹೊರಬಿದ್ದು, ಧ್ವಜಕಂಬದ ಬಳಿ ನೆಲಕ್ಕಿಳಿದು, ಬಿಸಿಯೂಟದ ಕೋಣೆಯ ಹೆಂಚು ಹತ್ತಿ, ಹತ್ತನೇ ತರಗತಿ 'ಬಿ' ವಿಭಾಗದ ಗೋಡೆಯಲ್ಲಿ ಕರೆಂಟ್ ವೈರಿನೊಂದಿಗೆ ಒಂದೇ ಪೈಪಿನಲ್ಲಿ ಸಂಸಾರ ಹೂಡಿರುತ್ತದೆ. ತಾಮ್ರದ ಈಥರ್ನೆಟ್ ಕೇಬಲ್ಲಿಗೆ ಶಾಸ್ತ್ರ ಕೊಟ್ಟಿರುವ ಮಿತಿ 100 ಮೀಟರ್: ಕಾಯಂ ಹಾಸಿದ್ದು 90, ಎರಡೂ ತುದಿಯ ತುಂಡುಗಳು ಸೇರಿ 10. ಕಚೇರಿಯಿಂದ ಮೈದಾನ ಬಳಸಿಕೊಂಡು ಲ್ಯಾಬ್ ತಲುಪುವಷ್ಟರಲ್ಲಿ ಈ ಮಿತಿ ಬಿಸಿಯೂಟದ ಕೋಣೆಯ ಹತ್ತಿರವೇ ತೀರಿರುತ್ತದೆ.

ಕೇಬಲ್ಲಿನ ಒಳಗೆ 8 ಎಳೆ, 4 ಜೋಡಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮವನ್ನು ದೇವದತ್ತರು ಮಗ್ಗಿಯಂತೆ ಬಾಯಿಪಾಠ ಮಾಡಿದ್ದಾರೆ. ಸೆಕೆಂಡಿಗೆ 100 ಮೆಗಾಬಿಟ್ ಓಡಿಸಲು ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಇಲಿ ಒಂದು ಎಳೆ ಕಡಿದರೆ ಕೆಲವೊಮ್ಮೆ ನೆಟ್ ನಿಲ್ಲುವುದಿಲ್ಲ, ಕುಂಟುತ್ತದೆ. ಕುಂಟುವುದನ್ನು ಯಾರೂ ದೂರುವುದಿಲ್ಲ. ಇನ್ನೂ ಒಂದು ಪರೀಕ್ಷೆ: ಎಳೆಯನ್ನು ಬ್ಲೇಡಿನಿಂದ ಹೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ, ತಾಮ್ರದ ಲೇಪ ಹೊದ್ದ ಅಲ್ಯುಮಿನಿಯಂ. ದರಪಟ್ಟಿಯಲ್ಲಿ ಅದರ ಹೆಸರು 'ಉತ್ತಮ ಗುಣಮಟ್ಟದ ಕೇಬಲ್'.

ಎರಡನೆಯದು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಎಂದು ಊಹಿಸುವಂತೆ, ಸ್ವಿಚ್ಚಿನಲ್ಲಿ ಹಸಿರು ದೀಪ ಮಿನುಗಿದರೆ ನೆಟ್ ಇದೆ ಎಂದು ಮುಖ್ಯೋಪಾಧ್ಯಾಯರು ಊಹಿಸುತ್ತಾರೆ. ಇದು ಹೇತ್ವಾಭಾಸ. ಆ ದೀಪ ಹೇಳುವುದು ತಂತಿಯ ಎರಡೂ ತುದಿಗಳಲ್ಲಿ ಯಾವುದೋ ಯಂತ್ರ ಎಚ್ಚರವಾಗಿದೆ ಎಂಬುದನ್ನು ಮಾತ್ರ. ಅವು ಆಡುತ್ತಿರುವುದು ಮಾತೋ ಬಡಬಡಿಕೆಯೋ ದೀಪಕ್ಕೆ ತಿಳಿಯದು.

ಬಡಬಡಿಕೆಗೆ ಶಾಸ್ತ್ರದಲ್ಲಿ ಅನವಸ್ಥೆ ಎಂಬ ದೋಷದ ಹೆಸರಿದೆ: ಒಂದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ. ಲ್ಯಾಬಿನಲ್ಲಿ ಇದು ಹುಟ್ಟುವ ಬಗೆ ಸರಳ. ಇನ್‌ಸ್ಪೆಕ್ಷನ್ ಹಿಂದಿನ ದಿನ ಶಿಸ್ತಿನ ವಿದ್ಯಾರ್ಥಿಯೊಬ್ಬ ಕೋಣೆ ಗುಡಿಸುತ್ತಾನೆ. ನೇತಾಡುವ ಕೇಬಲ್ ತುದಿ ಕಂಡು, ಪಾಪ ಬಿಚ್ಚಿಕೊಂಡಿದೆ ಎಂದು ಖಾಲಿ ರಂಧ್ರಕ್ಕೆ ಸಿಕ್ಕಿಸುತ್ತಾನೆ. ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿದೆ. ಇಂಟರ್ನೆಟ್ಟಿನ ಐಪಿ ಪ್ಯಾಕೆಟ್ಟಿಗೆ ಹಣೆಯಲ್ಲಿ ಆಯುಷ್ಯ ಬರೆದಿರುತ್ತದೆ, ಹೆಚ್ಚೆಂದರೆ 255 ಹೆಜ್ಜೆ. ಈಥರ್ನೆಟ್ ಫ್ರೇಮಿಗೆ ಅಂಥ ಬರಹವೇ ಇಲ್ಲ. ಅದು ಆ ಉಂಗುರದೊಳಗೆ ಸುತ್ತುತ್ತಲೇ, ನಕಲಾಗುತ್ತಲೇ ಇರುತ್ತದೆ. ದೀಪಗಳೆಲ್ಲ ದೀಪಾವಳಿಯ ಉತ್ಸಾಹದಲ್ಲಿ ಮಿನುಗುತ್ತವೆ, ಒಂದು ಕಂಪ್ಯೂಟರೂ ಉಸಿರಾಡುವುದಿಲ್ಲ. ಇದಕ್ಕೆ ಪರಿಹಾರ ಕಂಡವರು ರೇಡಿಯಾ ಪರ್ಲ್‌ಮನ್, 1985ರಲ್ಲಿ. ಅವರ ವಿಧಾನ ಜಾಲದ ಉಂಗುರಗಳನ್ನು ತಾನೇ ಕಡಿದು ಮರದ ಆಕಾರಕ್ಕೆ ತರುತ್ತದೆ. ಆ ಪ್ರಬಂಧದ ಸಾರಾಂಶವನ್ನು ಅವರು ಪುಟ್ಟ ಪದ್ಯವಾಗಿ ಬರೆದರು; ಶಾಸ್ತ್ರವನ್ನು ಕಾರಿಕೆಯಲ್ಲಿ ಹೇಳುವ ನಮ್ಮ ಪದ್ಧತಿಗೆ ಹೀಗೆ ಅಮೆರಿಕದ ಆಧಾರವೂ ದೊರೆತಿದೆ. ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಈ ವಿದ್ಯೆ ಇರುವುದಿಲ್ಲ. ದರಪಟ್ಟಿಯಲ್ಲಿ ಅತಿ ಕಡಿಮೆ ದರ ಮಾತ್ರ ಇರುತ್ತದೆ.

ಮೂರನೆಯದು ಉಪಮಾನ. ಕಾಡಿನಲ್ಲಿ ಹಸುವಿನಂಥ ಪ್ರಾಣಿ ಕಂಡರೆ ಅದೇ ಗವಯ ಎಂದು ಗುರುತಿಸುವುದು ಇದರ ಲಕ್ಷಣ. ಪಕ್ಕದ ಖಾಸಗಿ ಶಾಲೆಯ ಪ್ರಸ್ತಾವನೆಯಂಥದೇ ನಮಗೂ ಬೇಕೆಂಬುದು ಇದರ ಪ್ರಯೋಗ. ಆ ಪ್ರತಿಯನ್ನು ತಂದು ಶಾಲೆಯ ಹೆಸರು ಬದಲಿಸಬೇಕು. ಏಳನೇ ಪುಟದಲ್ಲಿ ಬದಲಿಸಲು ಮರೆತ ಹಳೆಯ ಹೆಸರೂ, ನಮ್ಮಲ್ಲಿಲ್ಲದ ಮೂರನೇ ಮಹಡಿಗೆ ಕೇಳಿದ ಆರು ವೈಫೈ ಪೆಟ್ಟಿಗೆಗಳೂ ಈ ಪ್ರಮಾಣದ ಹೆಗ್ಗುರುತುಗಳು.

ನಾಲ್ಕನೆಯದು ಶಬ್ದ, ಅಂದರೆ ಆಪ್ತವಾಕ್ಯ. ಶಾಲೆಯಲ್ಲಿ ಇದರ ಆಕರ ದಾಸ್ತಾನು ವಹಿ. 'ಕಂಪ್ಯೂಟರ್ 20, ಸುಸ್ಥಿತಿಯಲ್ಲಿವೆ' ಎಂದು ಅದರಲ್ಲಿದೆ, ಮೇಲೆ ಮೊಹರಿದೆ. ಆ ಕಂಪ್ಯೂಟರ್‌ಗಳಲ್ಲಿರುವ ವಿಂಡೋಸ್ 7ಕ್ಕೆ ತಯಾರಕರು ಸುರಕ್ಷತಾ ತೇಪೆ ಹಾಕುವುದನ್ನು 2020ರ ಜನವರಿ 14ಕ್ಕೇ ನಿಲ್ಲಿಸಿದರು. ಅದರ ನಂತರದ ವಿಂಡೋಸ್ 10ರ ಸರದಿಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಹಿಗೆ ಇದಾವುದೂ ಬಾಧಕವಲ್ಲ. ಶಬ್ದ ನಿತ್ಯ ಎಂದು ಮೀಮಾಂಸಕರು ಸುಮ್ಮನೆ ಹೇಳಲಿಲ್ಲ.

ಐದನೆಯದು ಅರ್ಥಾಪತ್ತಿ. ಇದೇ ಪರಿಶೋಧನೆಯ ಹೃದಯ. ಮೈತುಂಬಿಕೊಂಡ ದೇವದತ್ತ ಹಗಲಿನಲ್ಲಿ ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಿರಲೇಬೇಕು ಎಂಬುದು ಹಳೆಯ ಉದಾಹರಣೆ. ಹೊಸದು ಹೀಗೆ: ಶಾಲೆಯಲ್ಲಿ ನೆಟ್ ಇಲ್ಲ. ಆದರೂ 11 ಅಂಕಿಯ ಯುಡೈಸ್ ಸಂಖ್ಯೆಯಡಿ ತುಂಬಬೇಕಾದ ಮಾಹಿತಿ ತುಂಬಿದೆ, ಸ್ಯಾಟ್ಸ್ ತಂತ್ರಾಂಶದಲ್ಲಿ ಮಕ್ಕಳ ದಾಖಲಾತಿ ಏರಿದೆ, ಎಸ್ಸೆಸ್ಸೆಲ್ಸಿ ನೋಂದಣಿ ಗಡುವಿಗೆ ಮೊದಲೇ ಮುಗಿದಿದೆ. ನೆಟ್ ಬಂದದ್ದೆಲ್ಲಿಂದ? "ದೇವದತ್ತ ಸರ್, ಸ್ವಲ್ಪ ಹಾಟ್‌ಸ್ಪಾಟ್ ಆನ್ ಮಾಡ್ತೀರಾ?" ಎಂಬ ಕಚೇರಿಯ ದನಿ ಎಲ್ಲವನ್ನೂ ಬಗೆಹರಿಸುತ್ತದೆ. ಇಡೀ ಶಾಲೆಯ ಬೆನ್ನೆಲುಬು ಒಬ್ಬ ಮೇಷ್ಟ್ರ ಅಂಗಿ ಜೇಬಿನಲ್ಲಿದೆ. ಅದರ ರೀಚಾರ್ಜ್ ಅವರ ಸಂಬಳದ್ದು. ಅವರು ಸಾಂದರ್ಭಿಕ ರಜೆ ಹಾಕಿದ ದಿನ ಶಾಲೆಯೇ ಆಫ್‌ಲೈನ್.

ಆರನೆಯದು ಅನುಪಲಬ್ಧಿ: ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ಇದಕ್ಕೆ ಪಿಂಗ್ ಎಂಬ ಉಪಕರಣವಿದೆ. ಇದ್ದೀಯಾ ಎಂದು ಕೂಗಿದರೆ ಉತ್ತರ ಬರುವುದಿಲ್ಲ. ಕಂಪ್ಯೂಟರಿನ ವಿಳಾಸ ನೋಡಿದರೆ 169.254ರಿಂದ ಶುರುವಾಗಿರುತ್ತದೆ. ವಿಳಾಸ ಹಂಚುವವರು ಯಾರೂ ಸಿಗದಿದ್ದಾಗ ಯಂತ್ರ ತನಗೆ ತಾನೇ ಇಟ್ಟುಕೊಳ್ಳುವ ವಿಳಾಸವದು.

ಕಪೋತ ಪ್ರಕರಣ

ಉತ್ತರ ಬಾರದ್ದನ್ನೂ ಲೆಕ್ಕವಿಡಬೇಕು ಎಂಬುದಕ್ಕೆ ಪೂರ್ವಾಚಾರ್ಯರ ನಿದರ್ಶನವಿದೆ. 1990ರ ಏಪ್ರಿಲ್ 1ರಂದು, ಅಂದರೆ ಸೂಕ್ತ ದಿನದಂದೇ, ಡೇವಿಡ್ ವೈಟ್ಸ್‌ಮನ್ ಅವರು ಪಾರಿವಾಳದ ಕಾಲಿಗೆ ಇಂಟರ್ನೆಟ್ ಪ್ಯಾಕೆಟ್ ಕಟ್ಟಿ ಕಳುಹಿಸುವ ವಿಧಿಯನ್ನು ಆರ್‌ಎಫ್‌ಸಿ ಎಂಬ ಇಂಟರ್ನೆಟ್ ವಿಧಿಪತ್ರಗಳ ಸಾಲಿನಲ್ಲಿ 1149ನೆಯದಾಗಿ ಪ್ರಕಟಿಸಿದರು. 2001ರ ಏಪ್ರಿಲ್‌ನಲ್ಲಿ ನಾರ್ವೆಯ ಬರ್ಗೆನ್ ನಗರದ ಉತ್ಸಾಹಿಗಳು ಅದನ್ನು ಮಾಡಿಯೇ ನೋಡಿದರು. ಕಳುಹಿಸಿದ್ದು 9, ಉತ್ತರ ಬಂದದ್ದು 4, ನಷ್ಟ ಶೇ. 55, ಹೋಗಿ ಬರಲು ಹಿಡಿದ ಸಮಯ ಸರಾಸರಿ ಸುಮಾರು 87 ನಿಮಿಷ.

ಇಲ್ಲಿ ಗಮನಿಸಬೇಕಾದ್ದು ವೇಗವನ್ನಲ್ಲ. ಕಳುಹಿಸಿದ್ದೆಷ್ಟು, ಬಂದದ್ದೆಷ್ಟು, ತಡವೆಷ್ಟು ಎಂಬ ಮೂರು ಅಂಕಿಗಳು ಪಾರಿವಾಳಗಳಿಗಿದ್ದವು. ಶಾಲಾ ನೆಟ್‌ವರ್ಕಿನ ಪ್ರಸ್ತಾವನೆಗಳಲ್ಲಿ ಅವೇ ಮೂರು ಇರುವುದಿಲ್ಲ. 'ಇಂಟರ್ನೆಟ್ ಬಹಳ ನಿಧಾನ' ಎಂದಿರುತ್ತದೆ. 100 ಮೆಗಾಬಿಟ್ ಸಂಪರ್ಕವನ್ನು 20 ಕಂಪ್ಯೂಟರ್‌ಗಳು ಒಮ್ಮೆಗೇ ಬಳಸಿದರೆ ತಲಾ 5 ಮೆಗಾಬಿಟ್. ಬಿಟ್ಟನ್ನು ಬೈಟಿಗೆ ತರಲು 8ರಿಂದ ಭಾಗಿಸಿದರೆ ಸೆಕೆಂಡಿಗೆ ಅರ್ಧ ಮೆಗಾಬೈಟಿಗಿಂತ ತುಸು ಹೆಚ್ಚು. ಏಳನೇ ತರಗತಿಯ ಲೆಕ್ಕ ಇದು. ಇದನ್ನು ಮಾಡದೆ 300 ಮೆಗಾಬಿಟ್ ಬೇಕೆಂದು ಕೇಳುವುದು ಹತ್ತನೇ ತರಗತಿಯ ಲ್ಯಾಬಿಗೆ ಶೋಭಿಸದು.

ಪೂರ್ವಪಕ್ಷ, ಸಿದ್ಧಾಂತ

ಎಲ್ಲವನ್ನೂ ಹೊಸದಾಗಿ ಕೊಳ್ಳೋಣ ಎಂಬುದು ಪೂರ್ವಪಕ್ಷ. ಕೊಳ್ಳಲು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ 1999ರ ಅಧಿನಿಯಮವಿದೆ. ಸಣ್ಣ ಮೊತ್ತಕ್ಕೆ ಮೂರು ದರಪಟ್ಟಿ ತರಿಸುವ ರೂಢಿಯಿದೆ. ಮೂರು ಬೇರೆ ಬೇರೆ ಅಂಗಡಿಗಳ ಮೂರು ದರಪಟ್ಟಿಗಳಲ್ಲೂ 'ರೂಟರ್' ಎಂಬುದು 'ರೋಟರ್' ಆಗಿದ್ದರೆ ಅದನ್ನು ಪಾಠಾಂತರವಿಲ್ಲದ ಗ್ರಂಥಸಂಪ್ರದಾಯ ಎಂದು ವಿದ್ವಾಂಸರು ಕೊಂಡಾಡುತ್ತಾರೆ.

ಸಿದ್ಧಾಂತ ಅಷ್ಟು ಅದ್ದೂರಿಯಲ್ಲ. ಮೊದಲು ಒಂದು ಹಾಳೆಯಲ್ಲಿ ನಕ್ಷೆ: ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ. ಆಮೇಲೆ ಪ್ರತಿ ತುದಿಗೂ ಚೀಟಿ. ರೂಟರಿನ 'ಅಡ್ಮಿನ್' ಎಂಬ ಹುಟ್ಟು ಪಾಸ್‌ವರ್ಡ್ ಬದಲಿಸುವುದು. ಅರ್ಥಿಂಗ್ ಪರೀಕ್ಷೆ, ಯುಪಿಎಸ್‌ನ ಸತ್ತ ಬ್ಯಾಟರಿಗೆ ಬದಲಿ. ಕರೆಂಟ್ ವೈರಿನಿಂದ ದೂರ, ಪ್ರತ್ಯೇಕ ಪೈಪಿನಲ್ಲಿ ಅಪ್ಪಟ ತಾಮ್ರದ ಕ್ಯಾಟ್-6. ಮೈದಾನ ದಾಟುವ ಕಡೆ ಮಾತ್ರ ಫೈಬರ್, ಏಕೆಂದರೆ ಅದು 100 ಮೀಟರಿಗೂ ಅಂಜದು, ಗಾಜಾದ್ದರಿಂದ ಸಿಡಿಲನ್ನು ಹೊತ್ತು ತರುವುದೂ ಇಲ್ಲ. ವೈಫೈ ಪೆಟ್ಟಿಗೆಗಳು 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡಬಾರದಂತೆ 1, 6, 11ನೇ ಚಾನೆಲ್‌ಗಳಿಗೆ ಹಂಚಿಕೆ. ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲೇ ಪಾಠ ನಡೆಸುತ್ತಿವೆ. ಕೊನೆಯದಾಗಿ, ಖರೀದಿಯ ಪಕ್ಕದಲ್ಲಿ ಇನ್ನೊಂದು ಅಂಕಣ: ಮುಂದಿನ ಐದು ವರ್ಷ ಪ್ರತಿ ತಿಂಗಳ ಬಿಲ್ ಯಾರದು, ಕೆಟ್ಟರೆ ಬರುವವರು ಯಾರು. ಮುದ್ರಿತ ನಮೂನೆಯಲ್ಲಿ ಈ ಅಂಕಣಕ್ಕೆ ಜಾಗವಿರಲಿಲ್ಲ. ದೇವದತ್ತರು ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದರು.

ಉತ್ತರಕಾಂಡ

ಪ್ರಸ್ತಾವನೆಯನ್ನು ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿ ಇ-ಮೇಲ್ ಮಾಡಲಾಯಿತು. ಯೂನಿಕೋಡ್ ಅಲ್ಲದ ಆ ಅಕ್ಷರಗಳು, ಫಾಂಟ್ ಇಲ್ಲದ ಕಚೇರಿಯ ಕಂಪ್ಯೂಟರಿನಲ್ಲಿ ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ರೋಮನ್ ಲಿಪಿಯಾಗಿ ತೆರೆದುಕೊಂಡವು. 'ತಾಂತ್ರಿಕ ಭಾಷೆಯಲ್ಲಿದೆ' ಎಂಬ ಷರಾದೊಂದಿಗೆ ಅದು ಒಂದು ಮೇಜು ಮುಂದಕ್ಕೆ ಹೋಯಿತು. ಎರಡನೇ ಸಲ ಜೆರಾಕ್ಸ್ ಪ್ರತಿ, ಮುದ್ದಾಂ ಮೂಲಕ.

ಉತ್ತರ ಬಂತು. ನಕ್ಷೆಗೆ ಸಕ್ಷಮ ಪ್ರಾಧಿಕಾರದ ಸಹಿ ಇಲ್ಲ. ಪೆನ್ಸಿಲಿನ ಅಂಕಣ ನಮೂನೆಗೆ ಹೊರತಾದ್ದರಿಂದ ಕೈಬಿಡುವುದು. ಕಂಪ್ಯೂಟರ್‌ಗಳು ಸುಸ್ಥಿತಿಯಲ್ಲಿವೆ ಎಂದು ವಹಿಯಲ್ಲಿರುವಾಗ ಮೇಲ್ದರ್ಜೆಯ ಅಗತ್ಯವೇನೆಂದು ಸ್ಪಷ್ಟಪಡಿಸುವುದು. ನಾಲ್ಕನೆಯ ಆಕ್ಷೇಪಣೆ ಹೀಗಿತ್ತು: ಪರಿಶೋಧನಾ ವರದಿಯ ಐದನೇ ಪ್ರಮಾಣದಲ್ಲಿ ಉಲ್ಲೇಖಿಸಿರುವ ಮೊಬೈಲ್ ದೂರವಾಣಿಯು ಶಾಲೆಯ ದಾಸ್ತಾನು ವಹಿಯಲ್ಲಿ ನಮೂದಾಗಿರುವುದಿಲ್ಲ, ಸದರಿ ಉಪಕರಣವನ್ನು ಯಾವ ಆದೇಶದನ್ವಯ ಬಳಸಲಾಗುತ್ತಿದೆ ಎಂಬ ಬಗ್ಗೆ ಸಂಬಂಧಪಟ್ಟ ಶಿಕ್ಷಕರಿಂದ ಸಮಜಾಯಿಷಿ ಪಡೆದು ಏಳು ದಿನಗಳೊಳಗೆ ಆನ್‌ಲೈನ್ ಮೂಲಕವೇ ಸಲ್ಲಿಸತಕ್ಕದ್ದು.

ದೇವದತ್ತರು ಸಮಜಾಯಿಷಿ ಬರೆದು, ಈ ಸಲ ಯೂನಿಕೋಡ್‌ನಲ್ಲಿ ಟೈಪಿಸಿ, ಹಾಟ್‌ಸ್ಪಾಟ್ ಆನ್ ಮಾಡಿದರು.